ನೆರೆಯ ಗೆರೆಗೆ ಸುಣ್ಣ ಬಳಿಯಬೇಡಿ

ಮಕ್ಕಳೇ,

‘ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗವೇ ದ್ವೀಪ.’ ಸಮಾಜ ವಿಜ್ಞಾನದ ಪಾಠದಲ್ಲಿ ನೀವು ಇದನ್ನು ಓದಿದ್ದೀರಿ. ಪರೀಕ್ಷೆಯಲ್ಲಿ ಬರೆದು ಒಂದು ಅಂಕವನ್ನೂ ಪಡೆದಿರಬಹುದು. ಈಗ ನಾಲ್ಕು ದ್ವೀಪಗಳ ಹೆಸರು ಹೇಳಿ ಎಂದರೆ ನೀವು ಏನು ಹೇಳುತ್ತೀರಿ? ಅಂಡಮಾನ್, ಲಕ್ಷದ್ವೀಪ, ಶ್ರೀಲಂಕಾ... ಯಾರಾದರೂ ಉಡುಪಿ ಕಡೆ ಹೋಗಿ ಬಂದಿದ್ದರೆ ಮಲ್ಪೆಯ ಸೇಂಟ್ ಮೇರಿಸ್ ದ್ವೀಪವನ್ನೂ ಸೇರಿಸಬಹುದು. ಎಲ್ಲವೂ ಸಮುದ್ರದಲ್ಲಿ ಇರುವವೇ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಲ್ಲಿ ಕುಳಿತ ನಮಗೆ ಸಮುದ್ರ ಬಲು ದೂರ. ಆದ್ದರಿಂದ ದ್ವೀಪದ ಬದುಕು, ಅಲ್ಲಿಯ ಅಪಾಯ ಎಲ್ಲವೂ ಬೇರೆ ಯಾರದೋ ಕಥೆ ಎಂದುಕೊಂಡು ಮುಂದಿನ ಪಾಠಕ್ಕೆ ಹೋಗುತ್ತೇವೆ.

ಅದು ಬೇರೆಯವರ ಕಥೆಯಲ್ಲ, ನಮ್ಮದೇ ಕಥೆ ಎನ್ನುವುದು ನನ್ನ ಅಭಿಪ್ರಾಯ. ನಿಮ್ಮ ಶಾಲೆಯ ಗೋಡೆಗೂ ಅದಕ್ಕೂ ಸಂಬಂಧ ಇದೆ. ಹೇಗೆ ಎಂದು ನೋಡೋಣ ಬನ್ನಿ.

ಹೊಳೆಯ ನಡುವಿನ ದ್ವೀಪಗಳು

ದ್ವೀಪಕ್ಕೆ ನಮ್ಮ ಜನ ಬಳಸುವ ಇನ್ನೊಂದು ಮಾತು ‘ನಡುಗಡ್ಡೆ’. ಆಡುಮಾತಿನಲ್ಲಿ ‘ಗಡ್ಡಿ’. ನೀರಿನ ನಡುವೆ ಎದ್ದು ನಿಂತ ನೆಲ ಎಂದು ಅರ್ಥ. ಕೃಷ್ಣಾ ನದಿಯಲ್ಲಿ ಇಂಥ ಗಡ್ಡಿಗಳು ಹಲವು ಇವೆ. ಯಾದಗಿರಿ ಜಿಲ್ಲೆಯ ಕಕ್ಕೇರಾ ಸಮೀಪ ನೀಲಕಂಠರಾಯನ ಗಡ್ಡಿ ಇದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿ ಕರಕಲಗಡ್ಡಿ, ಮ್ಯಾದರಗಡ್ಡಿ, ಕೋಟೆಯಿರುವ ಜಲದುರ್ಗ ಇವೆ. ಇನ್ನೂ ಕೆಳಗೆ ರಾಯಚೂರು ತಾಲ್ಲೂಕಿನಲ್ಲಿ ಕುರ್ವಕುಲ, ಕುರ್ವಕುರ್ದಾ ಎಂಬ ಊರುಗಳಿವೆ. ಇಲ್ಲೆಲ್ಲ ಜನ ವಾಸಿಸುತ್ತಾರೆ. ಹೊಲ ಉಳುತ್ತಾರೆ, ಆಡು ಕುರಿ ಸಾಕುತ್ತಾರೆ, ಮೀನು ಹಿಡಿಯುತ್ತಾರೆ.

ಭೂಪಟ ತೆಗೆದು ನೋಡಿ. ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ಮಕರ ಸಂಕ್ರಾಂತಿ ವೃತ್ತಕ್ಕೂ ನಡುವೆ ಇರುವ ಪಟ್ಟಿಯೇ ಉಷ್ಣವಲಯ. ನಮ್ಮ ಊರುಗಳು, ಕೃಷ್ಣಾ ನದಿಯ ಗಡ್ಡಿಗಳು ಎಲ್ಲವೂ ಸುಮಾರು 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಅಂದರೆ ಅವೂ ಉಷ್ಣವಲಯದ ದ್ವೀಪಗಳೇ. ವ್ಯತ್ಯಾಸ ಇಷ್ಟೇ. ಅವುಗಳ ಸುತ್ತ ಇರುವುದು ಉಪ್ಪುನೀರಲ್ಲ, ಸಿಹಿನೀರು.

ಆ ಸಿಹಿನೀರು ಎಲ್ಲಿಂದ ಬಂತು? ಅದರಲ್ಲಿ ಒಂದು ಪಾಲು ನಮ್ಮ ಅಂಗಳದ್ದೇ! ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ, ಎಂ.ಕೆ.ಹುಬ್ಬಳ್ಳಿಯ ಬಳಿ ಹೆದ್ದಾರಿಯ ಕೆಳಗೆ ಹಾದು, ಸಂಗೊಳ್ಳಿಯ ಕಡೆ ಹರಿದು, ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುನವಳ್ಳಿ, ರಾಮದುರ್ಗ, ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದರ ಮುಂದೆ ನಾರಾಯಣಪುರ ಅಣೆಕಟ್ಟು. ಆ ಅಣೆಕಟ್ಟಿನ ಗೇಟು ತೆರೆದಾಗ ಹರಿಯುವ ನೀರೇ ಈ ಗಡ್ಡಿಗಳನ್ನು ಸುತ್ತುವರಿಯುತ್ತದೆ. ಕಿತ್ತೂರು ಕಡೆಯ ಶಾಲೆಯ ಹಂಚಿನಿಂದ ಜಾರಿದ ಮಳೆಹನಿ ಕೆಲವು ದಿನಗಳ ನಂತರ ನೀಲಕಂಠರಾಯನ ಗಡ್ಡಿಯ ಮಗುವಿನ ದಾರಿಗೆ ಅಡ್ಡ ನಿಲ್ಲಬಹುದು.

ಗಡ್ಡಿಯ ದಿನಚರಿ

ಬೇಸಿಗೆಯಲ್ಲಿ ಗಡ್ಡಿಯ ಬದುಕಿಗೂ ನಮ್ಮ ಹಳ್ಳಿಯ ಬದುಕಿಗೂ ಹೆಚ್ಚು ವ್ಯತ್ಯಾಸವಿಲ್ಲ. ಹೊಳೆ ಸಣ್ಣದಾಗಿರುತ್ತದೆ. ಬಂಡೆಗಲ್ಲುಗಳ ಮೇಲೆ ಕಾಲಿಟ್ಟು, ತೆಳುನೀರಿನಲ್ಲಿ ನಡೆದು ಆಚೆ ದಡಕ್ಕೆ ಹೋಗಬಹುದು. ಮಳೆಗಾಲ ಬಂದಾಗ ಲೆಕ್ಕ ಬದಲಾಗುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ಯಾವ ದಿನ ಬೇಕಾದರೂ ದಾರಿ ಮುಚ್ಚಬಹುದು. ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿಯ ಸೇತುವೆ ಮುಳುಗಿದ ಸುದ್ದಿಯನ್ನು ನೀವು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದಿರಬಹುದು. ಆ ಸೇತುವೆ ಮುಳುಗಿದರೆ ಅದರಾಚೆಗಿನ ಹಳ್ಳಿಗಳ ಜನ ತಾಲ್ಲೂಕು ಕೇಂದ್ರಕ್ಕೆ ಬರಲು ಬಹುದೂರ ಸುತ್ತಬೇಕು.

ದಾರಿ ಮುಚ್ಚಿದರೆ ಏನೇನು ನಿಲ್ಲುತ್ತದೆ ಎಂದು ಒಮ್ಮೆ ಯೋಚಿಸಿ. ಜೋಳ ಬೀಸಿಸಲು ಗಿರಣಿ ಆಚೆ ದಡದಲ್ಲಿದೆ. ಅಂಗಡಿ ಆಚೆ ದಡದಲ್ಲಿದೆ. ಮೇಲಿನ ತರಗತಿಗಳ ಶಾಲೆಯೂ ಅಲ್ಲೇ. ಗುಳಿಗೆ, ಸೂಜಿಮದ್ದು, ಹಾವು ಕಚ್ಚಿದರೆ ಬೇಕಾಗುವ ಔಷಧಿ ಎಲ್ಲವೂ ಅಲ್ಲೇ. ಗಾಳಿಮಳೆಗೆ ಕಂಬ ಬಿದ್ದರೆ ಸರಿಪಡಿಸುವ ಲೈನ್‌ಮನ್ ಕೂಡ ಹೊಳೆ ದಾಟಿಯೇ ಬರಬೇಕು. ಹೊಳೆಯಲ್ಲಿ ಮೊಸಳೆಗಳೂ ಇವೆ. ಆದ್ದರಿಂದ ಗಡ್ಡಿಯಲ್ಲಿ ಬದುಕುವವರಿಗೆ ಮುಂದಾಲೋಚನೆ ಎನ್ನುವುದು ದಿನದ ಕೆಲಸ. ಮಳೆಗಾಲಕ್ಕೆ ಮೊದಲೇ ಹಿಟ್ಟು, ಉಪ್ಪು, ಕಡ್ಡಿಪೆಟ್ಟಿಗೆ, ಒಣ ಸೌದೆ ಕೂಡಿಡಬೇಕು. ದನಗಳಿಗೆ ಮೇವು ಎತ್ತರದ ಜಾಗದಲ್ಲಿ ಒಟ್ಟಬೇಕು. ಮನೆಯಲ್ಲಿ ಬಸುರಿಯರು, ವೃದ್ಧರು ಇದ್ದರೆ ಮೊದಲೇ ಆಚೆ ದಡದ ಬಂಧುಗಳ ಮನೆಗೆ ಕಳಿಸಬೇಕು.

ಇಷ್ಟೆಲ್ಲ ಮಾಡಿದರೂ ಲೆಕ್ಕ ತಪ್ಪುವುದುಂಟು. 2013ರ ಜುಲೈ ಕೊನೆಯಲ್ಲಿ ಕೃಷ್ಣೆ ತುಂಬಿ ಹರಿಯುತ್ತಿತ್ತು. ನೀಲಕಂಠರಾಯನ ಗಡ್ಡಿಗೆ ಆಗ ಸೇತುವೆ ಇರಲಿಲ್ಲ. ನೀರಿನ ಸೆಳೆತಕ್ಕೆ ಅಂಜಿ ಅಂಬಿಗರು ಹರಗೋಲು ಹಾಕುವಂತಿರಲಿಲ್ಲ. ಅಲ್ಲಿ ಒಂಬತ್ತು ತಿಂಗಳು ತುಂಬಿದ ಗರ್ಭಿಣಿಯೊಬ್ಬರಿದ್ದರು. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗಬೇಕು ಎಂದು ಅವರು ನಿಶ್ಚಯಿಸಿದರು. ಒಣಗಿದ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ಜೊತೆ, ತುಂಬಿದ ಹೊಳೆಯನ್ನು ಈಜಿ ದಾಟಿದರು! ಆ ಸುದ್ದಿ ದೇಶವಿದೇಶದ ಪತ್ರಿಕೆಗಳಲ್ಲಿ ಬಂತು.

ಸೋರೆಬುರುಡೆ ಏಕೆ ತೇಲುತ್ತದೆ? ಒಣಗಿದ ಬುರುಡೆಯ ಒಳಗೆ ತಿರುಳಿಲ್ಲ, ಗಾಳಿ ಇದೆ. ಅದು ಪಕ್ಕಕ್ಕೆ ತಳ್ಳುವ ನೀರಿನ ತೂಕಕ್ಕಿಂತ ಅದರ ತೂಕ ಬಹಳ ಕಡಿಮೆ. ಆದ್ದರಿಂದ ನೀರು ಅದನ್ನು ಮೇಲಕ್ಕೆ ಎತ್ತುತ್ತದೆ. ಆರ್ಕಿಮಿಡೀಸನ ನಿಯಮವನ್ನು ಓದದೆಯೂ ಹೊಳೆದಂಡೆಯ ಜನ ಅದನ್ನು ಬಲ್ಲರು. ಆದರೆ ಮಕ್ಕಳೇ, ಇದನ್ನು ಓದಿ ‘ಎಂಥ ಧೈರ್ಯ!’ ಎಂದು ಚಪ್ಪಾಳೆ ತಟ್ಟಿ ಸುಮ್ಮನಾಗಬೇಡಿ. ಆ ತಾಯಿಯ ಧೈರ್ಯ ದೊಡ್ಡದು, ನಿಜ. ಆದರೆ ಒಬ್ಬ ಗರ್ಭಿಣಿ ಅಷ್ಟು ಧೈರ್ಯ ಮಾಡಬೇಕಾದ ಪರಿಸ್ಥಿತಿ ಏಕೆ ಬಂತು ಎಂಬ ಪ್ರಶ್ನೆ ಅದಕ್ಕಿಂತ ದೊಡ್ಡದು. ನೀರು ಬರುವ ಮೊದಲೇ ಸುದ್ದಿ ಬರಬೇಕು. ಸುದ್ದಿ ಬಂದಾಗ ಏನು ಮಾಡಬೇಕು ಎಂಬುದು ಗೊತ್ತಿರಬೇಕು. ಎರಡೂ ಇದ್ದರೆ ಧೈರ್ಯದ ಪರೀಕ್ಷೆಯೇ ಬೇಕಾಗುವುದಿಲ್ಲ.

ನಾವೂ ದ್ವೀಪವಾದ ದಿನಗಳು

ಈಗ ನಮ್ಮ ಕಡೆ ಬರೋಣ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ ಭಾರಿ ನೆರೆ ಬಂತು. ನೀವು ಆಗ ಹುಟ್ಟಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಮತ್ತೆ ಬಂತು. ಆಗ ನೀವು ಬಹಳ ಚಿಕ್ಕವರು. ಮುನವಳ್ಳಿಯ ಮನೆಗಳಿಗೆ ನೀರು ನುಗ್ಗಿತು. ರಾಮದುರ್ಗ ತಾಲ್ಲೂಕಿನ ಸುನ್ನಾಳ, ಹಂಪಿಹೊಳಿಯಂಥ ಹೊಳೆದಂಡೆಯ ಊರುಗಳ ಜನ ಮನೆ ಬಿಟ್ಟು ಎತ್ತರಕ್ಕೆ ಹೋದರು. ಪಟ್ಟದಕಲ್ಲಿನ ದೇವಾಲಯಗಳ ಅಂಗಳದಲ್ಲೂ ಮಲಪ್ರಭೆಯ ನೀರು ನಿಂತಿತ್ತು. ರಸ್ತೆ ಮುಳುಗಿ, ಸೇತುವೆ ಮುಳುಗಿ, ಕರೆಂಟು ಹೋಗಿ, ಎಷ್ಟೋ ಹಳ್ಳಿಗಳು ಕೆಲವು ದಿನ ದ್ವೀಪಗಳೇ ಆಗಿಬಿಟ್ಟವು. ಪಾಠದಲ್ಲಿ ಹೇಳಿದ ವ್ಯಾಖ್ಯೆ ಅಕ್ಷರಶಃ ನಿಜವಾಯಿತು. ನಾಲ್ಕೂ ಕಡೆ ನೀರು!

ಈ ಎರಡು ನೆರೆಗಳ ಕಾರಣ ಒಂದೇ ಆಗಿರಲಿಲ್ಲ. ಇದನ್ನು ಗಮನವಿಟ್ಟು ಓದಿ. 2019ರಲ್ಲಿ ಮಳೆ ಸುರಿದದ್ದು ಮುಖ್ಯವಾಗಿ ಪಶ್ಚಿಮ ಘಟ್ಟದಲ್ಲಿ. ಕಣಕುಂಬಿಯ ಕಡೆ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ರಾಮದುರ್ಗದಲ್ಲಿ ಬೀಳುವುದು 600 ಮಿ.ಮೀ. ಆಸುಪಾಸು ಮಾತ್ರ. ಆದ್ದರಿಂದ ರಾಮದುರ್ಗದಲ್ಲಿ ಬಿಸಿಲು ಕಾಯುತ್ತಿರುವಾಗಲೂ ಹೊಳೆ ಬರಬಹುದು. ‘ಮಳಿನ ಇಲ್ಲ, ಹೊಳಿ ಎಲ್ಲಿಂದ ಬರ್ತೈತಿ?’ ಎಂದು ಆಕಾಶ ನೋಡಿ ಕುಳಿತವರು ಮೋಸಹೋಗುತ್ತಾರೆ. 2009ರಲ್ಲಿ ಹಾಗಲ್ಲ. ಬಂಗಾಳ ಕೊಲ್ಲಿಯ ಕಡೆಯಿಂದ ಬಂದ ವಾಯುಭಾರ ಕುಸಿತದಿಂದಾಗಿ ಬಯಲುಸೀಮೆಯಲ್ಲಿಯೇ ಎಡೆಬಿಡದೆ ಮಳೆ ಸುರಿಯಿತು. ನಮ್ಮ ಎರೆಮಣ್ಣು ಹಸಿಯಾದ ಮೇಲೆ ನೀರನ್ನು ಬೇಗ ಹೀರುವುದಿಲ್ಲ. ಹಳ್ಳಗಳೆಲ್ಲ ಒಮ್ಮೆಗೇ ತುಂಬಿದವು. ಅಂದರೆ ನಮಗೆ ಅಪಾಯ ಎರಡು ದಿಕ್ಕಿನಿಂದ ಬರಬಹುದು. ಆಗಸ್ಟ್‌ನಲ್ಲಿ ಘಟ್ಟದಿಂದ ಬರಬಹುದು, ಮಳೆಗಾಲ ಮುಗಿಯಿತು ಎನ್ನುವಾಗ ನಮ್ಮ ತಲೆಯ ಮೇಲಿಂದಲೇ ಬರಬಹುದು.

ಅಣೆಕಟ್ಟು ಇದೆಯಲ್ಲ?

‘ನವಿಲುತೀರ್ಥದಲ್ಲಿ ಅಣೆಕಟ್ಟು ಇದೆ. ಅದು ನೀರನ್ನು ಹಿಡಿದಿಡುವುದಿಲ್ಲವೇ?’ ಎಂದು ಜಾಣ ವಿದ್ಯಾರ್ಥಿಯೊಬ್ಬ ಕೇಳಬಹುದು. ಒಳ್ಳೆಯ ಪ್ರಶ್ನೆ. ಲೆಕ್ಕ ಮಾಡಿಯೇ ನೋಡೋಣ.

ಒಂದು ಕ್ಯೂಸೆಕ್ ಎಂದರೆ ಒಂದು ಸೆಕೆಂಡಿಗೆ ಒಂದು ಘನ ಅಡಿ ನೀರು. ಅದು ಸುಮಾರು 28.3 ಲೀಟರ್. ಒಂದು ಲಕ್ಷ ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು. ಬೇಸಿಗೆಯಲ್ಲಿ ಊರಿಗೆ ಬರುವ 5,000 ಲೀಟರಿನ ನೀರಿನ ಟ್ಯಾಂಕರ್ ನೋಡಿದ್ದೀರಲ್ಲ, ಅಂಥ 550ಕ್ಕೂ ಹೆಚ್ಚು ಟ್ಯಾಂಕರುಗಳು ಒಂದೇ ಸೆಕೆಂಡಿನಲ್ಲಿ! ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಒಂದು ದಿನಕ್ಕೆ 86,400 ಸೆಕೆಂಡು. ಹಾಗಾದರೆ ಒಂದು ಲಕ್ಷ ಕ್ಯೂಸೆಕ್ ನೀರು ಒಂದು ದಿನ ಹರಿದರೆ 8.64 ಟಿಎಂಸಿ ಆಗುತ್ತದೆ. ಗುಣಿಸಿ ನೋಡಿ.

ನವಿಲುತೀರ್ಥದ ಜಲಾಶಯ ಹಿಡಿಯುವುದು 37.73 ಟಿಎಂಸಿ. ಅದು ಪೂರ್ತಿ ಖಾಲಿ ಇದ್ದರೂ ಒಂದು ಲಕ್ಷ ಕ್ಯೂಸೆಕ್ ಒಳಹರಿವು ಬಂದರೆ ನಾಲ್ಕೂವರೆ ದಿನದೊಳಗೆ ತುಂಬುತ್ತದೆ. ಅದರಲ್ಲಿ 3 ಟಿಎಂಸಿ ಜಾಗ ಮಾತ್ರ ಉಳಿದಿದ್ದರೆ? ಎಂಟು ಗಂಟೆ ಚಿಲ್ಲರೆ ಸಮಯ, ಅಷ್ಟೇ. ಆಮೇಲೆ ಬಂದಷ್ಟೂ ನೀರನ್ನು ಕೆಳಗೆ ಬಿಡಲೇಬೇಕು. ಬಿಡದಿದ್ದರೆ ಅಣೆಕಟ್ಟಿಗೇ ಅಪಾಯ. ಹಾಗೆಂದು ಮಳೆಗಾಲದಲ್ಲಿ ಜಲಾಶಯವನ್ನು ಖಾಲಿ ಇಟ್ಟುಕೊಂಡು ಕೂರಲೂ ಆಗದು. ಮುಂದಿನ ಬೇಸಿಗೆಯಲ್ಲಿ ಕುಡಿಯಲು, ಕಾಲುವೆಗೆ ಬಿಡಲು ನೀರು ಬೇಕಲ್ಲ! ಸಣ್ಣ ನೆರೆಯನ್ನು ಅಣೆಕಟ್ಟು ತಡೆಯುತ್ತದೆ. ದೊಡ್ಡ ನೆರೆಯಲ್ಲಿ ಅದು ನಮಗೆ ಕೊಡುವುದು ಸ್ವಲ್ಪ ಸಮಯವನ್ನು. ಆ ಸಮಯವನ್ನು ನಾವು ಹೇಗೆ ಬಳಸುತ್ತೇವೆ ಎಂಬುದೇ ಮುಖ್ಯ.

ಒಂದು ಶಬ್ದ ಉಳಿಸಿದ ದ್ವೀಪ

ಈಗ ನಿಮ್ಮನ್ನು ದೂರದ ಒಂದು ದ್ವೀಪಕ್ಕೆ ಕರೆದುಕೊಂಡು ಹೋಗುತ್ತೇನೆ. ಇಂಡೋನೇಷ್ಯಾ ದೇಶದ ಸುಮಾತ್ರಾದ ಪಶ್ಚಿಮಕ್ಕೆ ಸಿಮೆಲುವೆ ಎಂಬ ದ್ವೀಪವಿದೆ. 2004ರ ಡಿಸೆಂಬರ್ 26ರಂದು ಆ ದ್ವೀಪದ ಹತ್ತಿರವೇ ಸಮುದ್ರದ ತಳದಲ್ಲಿ 9.1 ಪ್ರಮಾಣದ ಭೂಕಂಪವಾಯಿತು. ಅದರಿಂದ ಎದ್ದ ಸುನಾಮಿ ಅಲೆಗಳು ನಮ್ಮ ಅಂಡಮಾನ್ ನಿಕೋಬಾರ್, ತಮಿಳುನಾಡಿನ ಕರಾವಳಿ ಸೇರಿದಂತೆ ಹಲವು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು. ಸಿಮೆಲುವೆಗೆ ಮೊದಲ ಅಲೆ ತಲುಪಲು ಹಿಡಿದದ್ದು ಸುಮಾರು ಹತ್ತು ನಿಮಿಷ. ರೇಡಿಯೋದಲ್ಲಿ ಸುದ್ದಿ ಹೇಳಲೂ ಸಮಯವಿರಲಿಲ್ಲ. ಆ ದ್ವೀಪದಲ್ಲಿ ಆಗ ಸುಮಾರು 78,000 ಜನರಿದ್ದರು. ಸತ್ತವರು ಎಷ್ಟು ಗೊತ್ತೇ? ಕೇವಲ 7.

ಅವರನ್ನು ಉಳಿಸಿದ್ದು ಒಂದು ಶಬ್ದ. ‘ಸ್ಮೋಂಗ್’. 1907ರಲ್ಲಿ ಅಲ್ಲಿ ಇಂಥದೇ ಸುನಾಮಿ ಬಂದು ಬಹಳ ಜನ ಸತ್ತಿದ್ದರು. ಬದುಕುಳಿದವರು ಅದನ್ನು ಮರೆಯಲಿಲ್ಲ. ನೆಲ ಜೋರಾಗಿ ನಡುಗಿ, ಆಮೇಲೆ ಸಮುದ್ರ ಹಿಂದಕ್ಕೆ ಸರಿದರೆ ಏನನ್ನೂ ಎತ್ತಿಕೊಳ್ಳದೆ ಗುಡ್ಡಕ್ಕೆ ಓಡಬೇಕು ಎಂಬುದನ್ನು ‘ಸ್ಮೋಂಗ್’ ಎಂಬ ಹೆಸರಿನಲ್ಲಿ ಕಥೆಯಾಗಿ, ಜೋಗುಳವಾಗಿ ಮಕ್ಕಳಿಗೆ ಹೇಳುತ್ತಲೇ ಬಂದರು. 97 ವರ್ಷ! ಆ ಮಕ್ಕಳು ಅಜ್ಜ ಅಜ್ಜಿಯರಾಗಿ ಮೊಮ್ಮಕ್ಕಳಿಗೆ ಹೇಳಿದರು. 2004ರಲ್ಲಿ ನೆಲ ನಡುಗಿದಾಗ ‘ಸ್ಮೋಂಗ್, ಸ್ಮೋಂಗ್’ ಎಂದು ಕೂಗುತ್ತ ಇಡೀ ಊರುಗಳು ಗುಡ್ಡ ಹತ್ತಿದವು.

ಈಗ ನಮ್ಮನ್ನು ನಾವು ಕೇಳಿಕೊಳ್ಳೋಣ. ಅವರು 97 ವರ್ಷ ನೆನಪಿಟ್ಟುಕೊಂಡರು. ನಾವು 2009ರ ನೆರೆಯನ್ನು 2019ರವರೆಗೆ, ಹತ್ತೇ ವರ್ಷ, ನೆನಪಿಟ್ಟುಕೊಂಡಿದ್ದೆವೇ? 2019ರದು ಇಂದು ನಿಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಗೆರೆ ಎಲ್ಲಿ ಹೋಯಿತು?

ನೆರೆ ಇಳಿದ ಮೇಲೆ ಅದು ತನ್ನ ಗುರುತನ್ನು ತಾನೇ ಬರೆದು ಹೋಗುತ್ತದೆ. ಗೋಡೆಯ ಮೇಲೆ ಕೆಸರಿನ ಒಂದು ಗೆರೆ. ಕೆಳಗೆ ಕಂದು ಬಣ್ಣ, ಮೇಲೆ ಬಿಳಿ. ನಾವು ಏನು ಮಾಡುತ್ತೇವೆ? ಗೋಡೆ ಒಣಗಿದೊಡನೆ ಸುಣ್ಣ ಬಳಿಯುತ್ತೇವೆ. ಹಬ್ಬ ಬಂತೆಂದು, ಶಾಲೆಗೆ ಅಧಿಕಾರಿಗಳು ಬರುತ್ತಾರೆಂದು ಮತ್ತೊಮ್ಮೆ ಬಳಿಯುತ್ತೇವೆ. ಸುಣ್ಣದ ಕೆಳಗೆ ಗೆರೆ ಮುಚ್ಚಿತು, ಅದರ ಜೊತೆ ನೆನಪೂ ಮುಚ್ಚಿತು. ನಾಲ್ಕಾರು ವರ್ಷಗಳಲ್ಲಿ ಅದೇ ಗೆರೆಗಿಂತ ಕೆಳಗೆ ಹೊಸ ಮನೆ ಏಳುತ್ತದೆ, ಕಣ ಆಗುತ್ತದೆ, ಕಾಳಿನ ಚೀಲಗಳನ್ನು ಒಟ್ಟುತ್ತೇವೆ.

ಮಲಪ್ರಭೆಯ ದಂಡೆಯ ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ ನೆರೆಯ ಗೆರೆ ಇರಬೇಕು ಎಂಬುದೇ ನನ್ನ ಅಭಿಪ್ರಾಯ. ನೀಲಿ ಬಣ್ಣದಲ್ಲಿ ಅಳಿಸದಂತೆ ಎಳೆದು, ಪಕ್ಕದಲ್ಲಿ ವರ್ಷ ಬರೆದಿರಬೇಕು. ಅದನ್ನು ಎಳೆಯುವ ಕೆಲಸ ನಿಮ್ಮದು, ವಿದ್ಯಾರ್ಥಿಗಳದು.

ಇದಕ್ಕೆ ಕೆಲವರು ಆಕ್ಷೇಪ ಹೇಳುತ್ತಾರೆ. ಅವನ್ನೂ ಕೇಳೋಣ.

ಮೊದಲನೆಯದು: ‘ಈಗ ಮೊಬೈಲ್‌ನಲ್ಲಿಯೇ ಎಚ್ಚರಿಕೆ ಬರುತ್ತದೆ. ಗೋಡೆಯ ಗೆರೆ ಏಕೆ ಬೇಕು?’ ಎಚ್ಚರಿಕೆ ಬರುವುದು ನಿಜ, ಅದು ಬಹಳ ಒಳ್ಳೆಯದು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿಯೂ ಮಳೆಮಾಪಕಗಳನ್ನು ಅಳವಡಿಸಿದೆ. ಆದರೆ ‘ಇಷ್ಟು ಸಾವಿರ ಕ್ಯೂಸೆಕ್ ನೀರು ಬಿಡಲಾಗಿದೆ’ ಎಂಬ ಸಂದೇಶ ಬಂದರೆ ನಿಮ್ಮ ಮನೆಯ ಹೊಸ್ತಿಲಿಗೆ ಅದರ ಅರ್ಥ ಏನು? ಸಂಖ್ಯೆಗೆ ಅರ್ಥ ಬರುವುದು ಗೆರೆಯಿಂದ. ‘ಹೋದ ಸಲ ಇಷ್ಟು ಬಿಟ್ಟಾಗ ನೀರು ಇಲ್ಲಿಯವರೆಗೆ ಬಂದಿತ್ತು’ ಎಂದು ತೋರಿಸಲು ಗೆರೆ ಬೇಕು. ಇನ್ನೊಂದು ವಿಷಯ. ಊರು ದ್ವೀಪವಾದಾಗ ಮೊದಲು ಹೋಗುವುದು ಕರೆಂಟು. ಆಮೇಲೆ ಮೊಬೈಲ್ ಸತ್ತು ಬೀಳುತ್ತದೆ. ಗೆರೆಗೆ ಚಾರ್ಜ್ ಮಾಡಬೇಕಾಗಿಲ್ಲ.

ಎರಡನೆಯದು: ‘ಅಪಾಯ ಇದ್ದರೆ ಆ ಜನ ಅಲ್ಲಿಂದ ಎದ್ದು ಹೋಗಬಾರದೇ?’ ಗಡ್ಡಿಯ ಜನರನ್ನು ಕುರಿತೂ ಹೀಗೆ ಕೇಳುತ್ತಾರೆ, ಹೊಳೆದಂಡೆಯ ಊರುಗಳನ್ನು ಕುರಿತೂ ಕೇಳುತ್ತಾರೆ. ಹೊಳೆ ತಂದು ಹಾಕಿದ ಮಣ್ಣು ಫಲವತ್ತಾದದ್ದು. ನೀರು ಹತ್ತಿರ. ಹಿರಿಯರ ಹೊಲ, ಮನೆ, ದೇವರು ಅಲ್ಲಿಯೇ ಇದ್ದಾರೆ. 2009ರ ನೆರೆಯ ನಂತರ ಸರ್ಕಾರ ‘ಆಸರೆ’ ಯೋಜನೆಯಲ್ಲಿ ಎತ್ತರದ ಜಾಗಗಳಲ್ಲಿ ಹೊಸ ಮನೆಗಳನ್ನು ಕಟ್ಟಿಸಿತು. ಮನೆ ಮೇಲೆ, ಹೊಲ ಕೆಳಗೆ, ದನ ಎಲ್ಲಿ ಕಟ್ಟುವುದು? ಹೊಲಕ್ಕೆ ದಿನವೂ ಎಷ್ಟು ದೂರ ನಡೆಯುವುದು? ಇಂಥ ಪ್ರಶ್ನೆಗಳು ರೈತರಿಗೆ ಸಣ್ಣವಲ್ಲ. ಊರು ಎದ್ದು ಹೋಗಬೇಕೇ ಬೇಡವೇ ಎಂಬುದನ್ನು ಊರಿನ ಹಿರಿಯರೂ ಸರ್ಕಾರವೂ ಕೂಡಿ ನಿರ್ಣಯಿಸಲಿ. ಅಲ್ಲಿಯವರೆಗೆ, ಮತ್ತು ಇಲ್ಲಿ ಇರುವವರೆಗೆ, ನೀರು ಎಲ್ಲಿಯವರೆಗೆ ಬರುತ್ತದೆ ಎಂಬ ತಿಳಿವಳಿಕೆ ಎಲ್ಲರಿಗೂ ಬೇಕು.

ಮೂರನೆಯದು: ‘ಚಿಕ್ಕ ಮಕ್ಕಳಲ್ಲಿ ಹೆದರಿಕೆ ಏಕೆ ಹುಟ್ಟಿಸಬೇಕು?’ ಗೊತ್ತಿಲ್ಲದ್ದು ಹೆದರಿಸುತ್ತದೆ. ಗೊತ್ತಿರುವುದು ಎಚ್ಚರಿಸುತ್ತದೆ. ಸಿಮೆಲುವೆಯ ತಾಯಂದಿರು ಜೋಗುಳದಲ್ಲಿ ಹೇಳಿದ್ದನ್ನು ನಾವು ಶಾಲೆಯಲ್ಲಿ ಹೇಳಿದರೆ ತಪ್ಪೇನು?

ಗೆರೆ ಎಳೆಯುವ ವಿಧಾನ

ಇದು ವಿಜ್ಞಾನದ ಕೆಲಸ. ಅಂದಾಜಿನಿಂದ ಎಳೆಯಬಾರದು. ಮೊದಲು ಊರಿನ ಹಿರಿಯರನ್ನು ಕೇಳಿ. ‘ಅಜ್ಜಾರ, 2019ರಾಗ ನೀರು ಎಲ್ಲಿ ತನಕ ಬಂದಿತ್ರೀ?’ ಎಂದು ಕನಿಷ್ಠ ಮೂವರನ್ನು, ಬೇರೆ ಬೇರೆಯಾಗಿ ಕೇಳಿ. ಮೂವರೂ ಹತ್ತಿರ ಹತ್ತಿರ ಒಂದೇ ಮಟ್ಟ ತೋರಿಸಿದರೆ ನಂಬಬಹುದು. ಬೇರೆ ಬೇರೆ ತೋರಿಸಿದರೆ ಇನ್ನಷ್ಟು ಜನರನ್ನು ಕೇಳಿ. ಸಾಧ್ಯವಾದರೆ 2009ರದನ್ನೂ ಕೇಳಿ. ಗುಡಿಯ ಕಂಬ, ಹಳೆಯ ಮನೆಯ ಗೋಡೆಯಲ್ಲಿ ಗುರುತು ಉಳಿದಿದ್ದರೆ ಅದು ಎಲ್ಲಕ್ಕಿಂತ ಒಳ್ಳೆಯ ಸಾಕ್ಷಿ.

ಆ ಮಟ್ಟವನ್ನು ಹತ್ತಿರದ ಶಾಲೆಯ ಗೋಡೆಗೆ ತರುವುದು ಹೇಗೆ? ನಿಮ್ಮೂರಿನ ಗೌಂಡಿಯವರನ್ನು ಕರೆಯಿರಿ. ಅವರ ಬಳಿ ಮಟ್ಟ ನೋಡುವ ಪಾರದರ್ಶಕ ಪೈಪು ಇರುತ್ತದೆ. ಅದರೊಳಗೆ ಗಾಳಿಗುಳ್ಳೆ ಇರದಂತೆ ನೀರು ತುಂಬಿ, ಒಂದು ತುದಿಯ ನೀರನ್ನು ಹಳೆಯ ಗುರುತಿಗೆ ಸರಿಯಾಗಿ ಹಿಡಿದರೆ ಇನ್ನೊಂದು ತುದಿಯ ನೀರು ಅದೇ ಎತ್ತರದಲ್ಲಿ ನಿಲ್ಲುತ್ತದೆ. ದ್ರವವು ತನ್ನ ಮಟ್ಟವನ್ನು ಕಾಯ್ದುಕೊಳ್ಳುತ್ತದೆ ಎಂಬ ನಿಮ್ಮ ಪಾಠವೇ ಇದು. ಗುರುತು ಮತ್ತು ಶಾಲೆ ಹತ್ತಿರ ಇದ್ದಾಗ ಮಾತ್ರ ಈ ವಿಧಾನ ಸರಿ. ಬಹಳ ದೂರವಾದರೆ ನೆರೆಯ ನೀರಿಗೂ ಹರಿವಿನ ದಿಕ್ಕಿನಲ್ಲಿ ಇಳಿಜಾರು ಇರುವುದರಿಂದ ಲೆಕ್ಕ ತಪ್ಪುತ್ತದೆ. ಶಾಲೆ ಎತ್ತರದಲ್ಲಿದ್ದು ನೀರು ಅಲ್ಲಿಯವರೆಗೆ ಬಂದೇ ಇಲ್ಲದಿದ್ದರೆ ಬಹಳ ಸಂತೋಷ. ಆಗ ಗೆರೆಯನ್ನು ಗುಡಿಯ ಕಟ್ಟೆಯ ಮೇಲೋ ಪಂಚಾಯಿತಿ ಗೋಡೆಯ ಮೇಲೋ ಹಿರಿಯರ ಒಪ್ಪಿಗೆ ಪಡೆದು ಎಳೆಯಿರಿ. ನಿಮ್ಮ ಶಾಲೆಯೇ ಊರಿನ ಆಶ್ರಯ ತಾಣ ಎಂದು ಬರೆದಿಡಿ.

ಗೆರೆಯ ಜೊತೆಗೆ ಒಂದು ನೋಟ್‌ಬುಕ್ ಇಡಿ. ಅಣೆಕಟ್ಟಿನಿಂದ ನೀರು ಬಿಟ್ಟ ಸಮಯ ಪತ್ರಿಕೆ, ರೇಡಿಯೋಗಳಲ್ಲಿ ಬರುತ್ತದೆ. ಹೊಳೆಯ ನೀರು ಏರತೊಡಗಿದ ಸಮಯವನ್ನು ಹಿರಿಯರಿಂದ ಕೇಳಿ ಬರೆದುಕೊಳ್ಳಿ. ಎರಡರ ನಡುವಿನ ಅಂತರವೇ ನಿಮ್ಮೂರಿಗೆ ಸಿಗುವ ಕಾಲಾವಕಾಶ. ಮುನವಳ್ಳಿಗೂ ರಾಮದುರ್ಗಕ್ಕೂ ಅದು ಬೇರೆ ಬೇರೆ. ಅದು ಯಾವ ಪುಸ್ತಕದಲ್ಲೂ ಇಲ್ಲ, ನೀವೇ ಕಂಡುಹಿಡಿಯಬೇಕು. ಅಷ್ಟು ಗಂಟೆಗಳಲ್ಲಿ ಮೊದಲು ಯಾರನ್ನು ಕರೆದೊಯ್ಯಬೇಕು? ನಡೆಯಲಾಗದ ಅಜ್ಜಿ ಯಾವ ಓಣಿಯಲ್ಲಿದ್ದಾರೆ? ಬಾಣಂತಿ ಯಾರ ಮನೆಯಲ್ಲಿದ್ದಾರೆ? ದನಗಳ ಕಣ್ಣಿ ಬಿಚ್ಚುವವರು ಯಾರು? ರೇಷನ್ ಕಾರ್ಡು, ಅಂಕಪಟ್ಟಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಲಾಗಿದೆಯೇ? ಪಟ್ಟಿ ಮಾಡಿ ಗುರುಗಳಿಗೆ, ಪಂಚಾಯಿತಿಗೆ ಕೊಡಿ.

ಒಂದು ಮಾತನ್ನು ಮಾತ್ರ ಮರೆಯಬೇಡಿ. ಅಳತೆಗೆಂದು ತುಂಬಿದ ಹೊಳೆಯ ಹತ್ತಿರ ಹೋಗಲೇಬಾರದು. ಹರಿಯುವ ನೀರು ಮೊಣಕಾಲೆತ್ತರ ಇದ್ದರೂ ದೊಡ್ಡವರನ್ನೇ ಕೆಡವಬಲ್ಲದು. ನೀರಿನ ವೇಗ ಎರಡು ಪಟ್ಟಾದರೆ ಅದರ ನೂಕುವ ಬಲ ನಾಲ್ಕು ಪಟ್ಟಾಗುತ್ತದೆ. ಮುಳುಗಿದ ಸೇತುವೆಯನ್ನು ಬೈಕಿನಲ್ಲಿ ದಾಟಲು ಹೊರಟ ಅಪ್ಪ, ಕಾಕಾ, ಮಾಮಾ ಯಾರೇ ಇರಲಿ, ‘ಬ್ಯಾಡ್ರಿ’ ಎಂದು ಕೈ ಹಿಡಿದು ನಿಲ್ಲಿಸಿ. ಸಹಾಯಕ್ಕೆ 112ಕ್ಕೆ ಫೋನ್ ಮಾಡಬಹುದು.

ಮೇಲಿನ ಊರಿನವರ ಪಾಲು

‘ನಮ್ಮೂರು ಎತ್ತರದಲ್ಲಿದೆ, ಹೊಳೆ ದೂರ. ನಮಗೇನು ಕೆಲಸ?’ ಎಂದು ಕಿತ್ತೂರು, ಬೈಲಹೊಂಗಲದ ಮಕ್ಕಳು ಕೇಳಬಹುದು. ನಿಮಗೇ ಮೊದಲ ಕೆಲಸ! ಮಳೆ ಮೊದಲು ಗೊತ್ತಾಗುವುದು ಮೇಲಿನ ಊರಿನವರಿಗೆ. ನೇರ ಬದಿಯ ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಲಾಳಿಕೆಯಂತೆ ಕೂರಿಸಿ. ತಳದಲ್ಲಿ ಸಣ್ಣ ಕಲ್ಲು ಹಾಕಿ, ಬಾಟಲಿಯ ಬದಿ ನೇರವಾಗುವವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಗುರುತು ಮಾಡಿ. ಅದರ ಮೇಲೆ ಅಳತೆಪಟ್ಟಿಯ ಮಿಲಿಮೀಟರುಗಳನ್ನು ಬರೆದರೆ ಮಳೆಮಾಪಕ ಸಿದ್ಧ. ಮರದ ಕೆಳಗೆ ಇಡಬೇಡಿ. ದಿನವೂ ಬೆಳಿಗ್ಗೆ ಒಂದೇ ಹೊತ್ತಿಗೆ ನೋಡಿ ಬರೆಯಿರಿ, ಮತ್ತೆ ಸೊನ್ನೆಯ ಮಟ್ಟಕ್ಕೆ ತನ್ನಿ.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ಒಂದು ಚದರ ಕಿಲೋಮೀಟರ್ ಮೇಲೆ ಒಂದೇ ರಾತ್ರಿ 100 ಮಿ.ಮೀ. ಬಿದ್ದರೆ 10 ಕೋಟಿ ಲೀಟರ್! ಅದೆಲ್ಲ ಹಳ್ಳ ಹಿಡಿದು ಕೆಳಗೇ ಹೋಗುತ್ತದೆ. ಕಿತ್ತೂರಿನ ಶಾಲೆ ಬೈಲಹೊಂಗಲದ ಶಾಲೆಗೆ, ಅದು ಸವದತ್ತಿಗೆ, ಸವದತ್ತಿ ರಾಮದುರ್ಗಕ್ಕೆ ದಿನದ ಮಳೆಯ ಅಳತೆಯನ್ನು ಗುರುಗಳ ಫೋನಿನ ಮೂಲಕ ತಿಳಿಸಿದರೆ ಎಷ್ಟು ಚೆನ್ನ! ಇದು ಸರ್ಕಾರದ ಎಚ್ಚರಿಕೆಗೆ ಬದಲಿಯಲ್ಲ. ಆದರೆ ಮೇಲಿನವರಿಗೆ ಕೆಳಗಿನವರ ನೆನಪು ಇರುವಂತೆ ಮಾಡುವ ಅಭ್ಯಾಸ. ಆ ನೆನಪು ರಾಮದುರ್ಗಕ್ಕೆ ನಿಲ್ಲದೆ ಕೃಷ್ಣೆಯ ಗಡ್ಡಿಗಳವರೆಗೂ ಹೋಗಲಿ. ನಮ್ಮ ನೀರು ಅಲ್ಲಿಯವರೆಗೂ ಹೋಗುತ್ತದಲ್ಲ.

ಮುಂದಿನ ಸಲ ನಿಮ್ಮ ಶಾಲೆಗೆ ಸುಣ್ಣದ ಡಬ್ಬಿ ಬಂದಾಗ ಮುಖ್ಯ ಗುರುಗಳ ಬಳಿ ಹೋಗಿ. ‘ಗುರುಗಳೇ, ಬಳಿಯುವ ಮೊದಲು ಗೆರೆ ಎಳೆಯೋಣ್ರಿ’ ಎಂದು ಕೇಳಿ. ಅದಕ್ಕೆ ಬೇಕಾಗುವುದು ಒಂದು ಸಣ್ಣ ಡಬ್ಬಿ ನೀಲಿ ಬಣ್ಣ, ಒಂದು ಕುಂಚ, ಗೌಂಡಿಯವರ ಪೈಪು ಮತ್ತು ಅರ್ಧ ದಿನ.